ಗಡ್ಡ ಬಂದ ಕೌದಿಗಳು

ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಊರಿದಾಗ ಏಳುವ ಆ ವಾಸನೆ, ಅರ್ಧ ಹಬೆ ಅರ್ಧ ಗಂಜಿ, ಸೊಸೆಗೆ ಏಳು ವರ್ಷದವಳಾಗಿದ್ದಾಗಿನಿಂದ ಗೊತ್ತು. ಆಗ ಅವರ ಬಾಡಿಗೆ ಮನೆಯ ಕೆಳಗೆ ಒಂದು ಇಸ್ತ್ರಿ ಅಂಗಡಿ ಇತ್ತು. ಮೆಟ್ಟಿಲ ಸಂದಿಯಿಂದ ಆ ವಾಸನೆ ಮೇಲೇರಿ ಬಂದರೆ ಬೆಳಗಾಯಿತೆಂದು ಅರ್ಥ. ಅವಳನ್ನು ಯಾರೂ ಎಬ್ಬಿಸಬೇಕಾಗಿರಲಿಲ್ಲ. ಈಗಲೂ ಬೆಳಗಾಗುತ್ತಿತ್ತು. ಅಂಗಡಿಯ ನಡುವಿನ ಉದ್ದನೆಯ ಕತ್ತರಿಸುವ ಮೇಜಿನ ಮೇಲೆ ಬಿಳಿ ಹೊದಿಕೆಯೊಂದನ್ನು ಹರವಿ ಅವಳು ಅಂಚಿನಿಂದ ಅಂಚಿಗೆ ಇಸ್ತ್ರಿ ಎಳೆಯುತ್ತಿದ್ದಳು. ಇನ್ನೊಂದು ಗಂಟೆಗೆ ಇದೇ ಮೇಜಿನ ಮೇಲೆ, ಇದೇ ಹೊದಿಕೆಯ ಕೆಳಗೆ, ಅವಳ ಅತ್ತೆಯನ್ನು ಮಲಗಿಸಬೇಕಿತ್ತು.

ಅದಕ್ಕೆ ನಾದಿನಿಯ ಒಪ್ಪಿಗೆ ಇರಲಿಲ್ಲ. ರಾತ್ರಿ ಬಸ್ಸಿನಲ್ಲಿ ಬಂದು ಇಳಿದಿದ್ದ ಅವಳು, ಅಮ್ಮನನ್ನು ಬಟ್ಟೆಯ ಥಾನುಗಳ ಮಧ್ಯೆ ಮಾರಾಟಕ್ಕಿಟ್ಟ ಹಾಗೆ ಇಡುವುದೇ ಎಂದು ಕಣ್ಣೊರೆಸಿಕೊಂಡು ಕೇಳಿದಳು. ಮಹಡಿಯ ಮನೆಗೆ ಹೋಗುವ ಮೆಟ್ಟಿಲು ಎಷ್ಟು ಕಿರಿದು, ಬರುವವರೆಲ್ಲ ಮಂಡಿ ಸವೆದವರು ಎಂದು ಸೊಸೆ ವಿವರಿಸಿದಳು. ಊರ ಬಸ್ಸು ಓಡಿಸುವ ಅವಳ ಗಂಡ, ಅಂದರೆ ಸತ್ತವರ ಒಬ್ಬನೇ ಮಗ, ಬಾಗಿಲಲ್ಲಿ ನಿಂತು ಇಬ್ಬರ ಮಾತನ್ನೂ ಕೇಳಿಸಿಕೊಂಡ.

"ಅಮ್ಮ ಮಹಡೀಲಿ ಮಲಗಿದ್ದಕ್ಕಿಂತ ಈ ಮೇಜಿನ ಹತ್ರ ನಿಂತಿದ್ದೇ ಹೆಚ್ಚು," ಅಂದ. "ಇಲ್ಲೇ ಇರ್ಲಿ ಬಿಡು."

ಕೌದಿ ಅಂಗಡಿಯ ಯಜಮಾನಿಯನ್ನು ಒಂದು ಒಳ್ಳೆಯ ಕೌದಿ ಹೊದಿಸಿ ಕಳಿಸಬಾರದೇ ಎಂದು ಪಕ್ಕದವರು ಹೇಳಿ ನೋಡಿದ್ದರು. ಅತ್ತೆ ಅದನ್ನು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಕೌದಿ ಇರುವುದು ಚಳಿಯಾಗುವವರಿಗೆ, ತನಗೆ ಆಗ ಚಳಿ ಎಲ್ಲಿ ಆಗುತ್ತದೆ, ಸುಮ್ಮನೆ ಒಂದು ಒಳ್ಳೆ ಮಾಲು ಹಾಳು ಎಂದು ಹೋದ ತಿಂಗಳಷ್ಟೇ ನಕ್ಕಿದ್ದರು. ಹಾಗಾಗಿ ಬಿಳಿ ಹೊದಿಕೆ. ಸೊಸೆ ಅದರ ನಾಲ್ಕೂ ಮೂಲೆಗಳನ್ನು ಎರಡೆರಡು ಸಲ ಇಸ್ತ್ರಿ ಮಾಡಿದಳು. ಮೂಲೆ ಸುಕ್ಕಾಗಿದ್ದರೆ ಅತ್ತೆ ಎದ್ದು ಕೂತು ಗದರಿಸಿಯಾರು ಎಂಬಂತೆ.

ಎಂಟು ಗಂಟೆಗೆ ಜನ ಬರತೊಡಗಿದರು. ಬಾಗಿಲು ದಾಟಿ ಒಳಗೆ ಕಾಲಿಟ್ಟವರ ಕೈ ತಾನಾಗಿಯೇ ಬಟ್ಟೆಗಳ ಕಡೆ ಹೋಗಿ, ನೆನಪಾಗಿ, ಹಿಂದೆ ಸರಿಯುತ್ತಿತ್ತು. ಗೋಡೆಯುದ್ದಕ್ಕೂ ಬಣ್ಣದ ಪ್ರಕಾರ ನಿಲ್ಲಿಸಿದ ಥಾನುಗಳು, ಗಾಜಿನ ಡಬ್ಬಿಗಳಲ್ಲಿ ದಾರದ ಉರುಳೆಗಳು, ಹಲಗೆಗೆ ಚುಚ್ಚಿಟ್ಟ ಸೂಜಿಗಳು. ನಡುವೆ ಅತ್ತೆ, ಗಿಡ್ಡ ದೇಹ, ಮೇಜಿಗಿಂತ ಎಷ್ಟೋ ಚಿಕ್ಕವರಾಗಿ ಕಾಣುತ್ತಿದ್ದರು.

ಊರಿಗೆಲ್ಲ ಅವರು ಕತ್ತರಿಯಮ್ಮ. ಬಟ್ಟೆಯ ಕತ್ತರಿಯಿಂದ ಯಾರಾದರೂ ಕಾಗದ ಕತ್ತರಿಸಿದರೆ ಅವರಿಗೆ ಬೆಂಕಿ ಹತ್ತಿದಂತಾಗುತ್ತಿತ್ತು. ಒಮ್ಮೆ ಮಗ ಶಾಲೆಯ ನಕ್ಷೆ ಕತ್ತರಿಸಲು ಅದನ್ನು ಕದ್ದೊಯ್ದಿದ್ದ. ಮೂರು ದಿನ ಮಾತು ಬಿಟ್ಟಿದ್ದರಂತೆ. ನಾಲ್ಕನೆಯ ದಿನ ಅವನಿಗೆಂದೇ ಒಂದು ಕಾಗದದ ಕತ್ತರಿ ತಂದು, ಹಿಡಿಗೆ ಕೆಂಪು ದಾರ ಸುತ್ತಿ ದಿಂಬಿನ ಕೆಳಗೆ ಇಟ್ಟಿದ್ದರು. ಈ ಕತೆಯನ್ನು ಪಕ್ಕದ ಗಡಿಯಾರ ರಿಪೇರಿಯ ಅಂಗಡಿಯವರು ಹೇಳಿದಾಗ ಅಳುತ್ತಿದ್ದವರೂ ನಕ್ಕರು. ಗಡಿಯಾರದಣ್ಣ ಎಂದು ಎಲ್ಲರೂ ಕರೆಯುವ ಅವರಿಗೆ ಎಪ್ಪತ್ತು ದಾಟಿತ್ತು. ಕತ್ತರಿಯಮ್ಮ ನಡೆಸುತ್ತಿದ್ದ ಗುರುವಾರದ ಕೌದಿ ತರಗತಿಯಲ್ಲಿ ಹೆಂಗಸರ ಮಧ್ಯೆ ಕೂತು ಹೊಲಿಗೆ ಕಲಿತ ಒಬ್ಬನೇ ಗಂಡಸು. ಅವರು ಹಾಕಿದ ಹೊಲಿಗೆ ಬರಿಗಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿ ಹಿಡಿದು ನೋಡಬೇಕು ಎಂದು ಅತ್ತೆ ಗೇಲಿ ಮಾಡುತ್ತಿದ್ದರು.

ಸೊಸೆ ಚಹಾದ ತಟ್ಟೆ ಹಿಡಿದು ಓಡಾಡುತ್ತಿದ್ದಳು. ತಟ್ಟೆ ಹಿಡಿದವಳಿಗೆ ಎಲ್ಲ ಮಾತೂ ಕೇಳಿಸುತ್ತದೆ. ಒಬ್ಬರ ಮಗು ಹುಟ್ಟಿದ ವಾರ ಕತ್ತರಿಯಮ್ಮ ಮಳೆಯಲ್ಲಿ ನಡೆದು ಬಂದು ಮೆತ್ತನೆಯ ಬಟ್ಟೆ ಕೊಟ್ಟು ಹೋಗಿದ್ದರು. ಇನ್ನೊಬ್ಬರಿಗೆ, ನಿಮ್ಮ ಕೆಂಪು ಬಣ್ಣ ಬಿಡುತ್ತೆ, ಬಿಳಿ ಜೊತೆ ಸೇರಿಸಬೇಡಿ ಎಂದು ಹೇಳಿ ಕೊಂಡ ಬಟ್ಟೆಯನ್ನೇ ವಾಪಸು ಇಸಿದುಕೊಂಡಿದ್ದರು. ಇಂಥ ಸಣ್ಣಪುಟ್ಟವು ಎಷ್ಟೋ.

ದಾರದ ಡಬ್ಬಿಗಳ ಹತ್ತಿರ ಶಾಲೆಯ ಹೊಲಿಗೆ ಟೀಚರ್ ಕೂತಿದ್ದರು. ನೇರ ಬೆನ್ನು, ನೇರ ಮಾತು. ಇಪ್ಪತ್ತೆರಡು ವರ್ಷಗಳಿಂದ ಶಾಲೆಗೆ ಬೇಕಾದ ಬಟ್ಟೆ, ಹತ್ತಿ, ಸೂಜಿಗಳನ್ನೆಲ್ಲ ಇಲ್ಲಿಂದಲೇ ಒಯ್ಯುವವರು. ಅವರು ಪಕ್ಕದವಳಿಗೆ ಹೇಳುತ್ತಿದ್ದದ್ದು ಕೆಟ್ಟ ಮನಸ್ಸಿನಿಂದಲ್ಲ.

"ಕೊನೇ ವರ್ಷ ಪಾಪ, ಕೈ ತಪ್ಪಿತು. ಆ ಹತ್ತಿಹಾಸು ನೆನಪಿದೆಯಲ್ಲ. ಕಣ್ಣು ಕಾಣ್ತಿರಲಿಲ್ಲ, ಆದ್ರೂ ಅಂಗಡಿ ಬಿಡ್ಲಿಲ್ಲ."

ಪಕ್ಕದವಳು ತಲೆಯಾಡಿಸಿದಳು. ವಯಸ್ಸು ಯಾರನ್ನು ಬಿಟ್ಟಿದೆ ಎಂದಳು.

ಸೊಸೆಯ ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಕಿ ಸದ್ದಾಯಿತು.

*

ಹತ್ತಿಹಾಸಿಗೆ ಎರಡು ಮುಖ. ಕೌದಿಯ ಮೇಲ್ಬಟ್ಟೆಗೂ ಅಡಿಬಟ್ಟೆಗೂ ನಡುವೆ ಬೆಚ್ಚಗೆ ಕೂರುವ ಈ ಹಾಸನ್ನು ಮಿಲ್ಲಿನಲ್ಲಿ ಸಾವಿರಾರು ಸೂಜಿಗಳಿಂದ ಚುಚ್ಚಿ ಒತ್ತಿರುತ್ತಾರೆ. ಸೂಜಿ ಒಳಹೊಕ್ಕ ಮುಖ ನುಣುಪು. ಹೊರಬಂದ ಮುಖದಲ್ಲಿ ಕೈಗೆ ತಾಕದಷ್ಟು ಸಣ್ಣ ಗಂಟುಗಳು. ನುಣುಪು ಮೇಲ್ಬಟ್ಟೆಯ ಕಡೆಗಿರಬೇಕು. ತಲೆಕೆಳಗಾದರೆ, ನಾಲ್ಕು ತಿಂಗಳು ಹೊದ್ದ ಮೇಲೆ, ಬಟ್ಟೆಯ ನೂಲುಗಳ ಸಂದಿಯಿಂದ ಹತ್ತಿಯ ಬಿಳಿ ಎಳೆಗಳು ಹೊರಗೆ ಇಣುಕುತ್ತವೆ. ಬಿಳಿ ಕೌದಿಯಾದರೆ ಯಾರಿಗೂ ಕಾಣದು. ಕಪ್ಪು, ಕಡುನೀಲಿಯಾದರೆ ಮುಗಿಯಿತು. ಕೌದಿಗೆ ಗಡ್ಡ ಬಂತು ಎನ್ನುತ್ತಾರೆ ಕಸುಬಿನವರು.

ಅತ್ತೆ ಹತ್ತಿ ಆರಿಸುವಾಗ ಅದನ್ನು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ. ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಬೆರಳು ಕೆಲಸ ಮಾಡಿ ಮೊಂಡಾಗಿರುತ್ತೆ, ಕೆನ್ನೆ ಸುಳ್ಳು ಹೇಳಲ್ಲ ಎನ್ನುತ್ತಿದ್ದರು. ಮಿಲ್ಲಿನಿಂದ ಬಂದ ಸುರುಳಿಯನ್ನು ಪೂರ್ತಿ ಬಿಚ್ಚಿ, ನುಣುಪು ಮುಖ ಮೇಲೆ ಬರುವಂತೆ ತಿರುಗಿ ಸುತ್ತಿ ಸ್ಟ್ಯಾಂಡಿಗೆ ಹಾಕುತ್ತಿದ್ದರು. ಹೀಗಾಗಿ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟಂತೆಯೇ ಮನೆಯಲ್ಲಿ ಹಾಸಿದರೆ ಸಾಕು, ಯಾರೂ ಮುಖ ಹುಡುಕಬೇಕಾಗಿರಲಿಲ್ಲ. ನಲವತ್ತು ವರ್ಷದಲ್ಲಿ ಊರಿನ ಹೆಂಗಸರಿಗೆಲ್ಲ ಅದೇ ಅಭ್ಯಾಸವಾಗಿತ್ತು.

ಅತ್ತೆಗೆ ಕಣ್ಣಿನ ಆಪರೇಷನ್ ಆದ ವಾರ ಹೊಸ ಸುರುಳಿ ಬಂತು. ಅಂಗಡಿಯಲ್ಲಿ ಸೊಸೆ ಒಬ್ಬಳೇ. ಎಂದೂ ಆ ಕೆಲಸ ಅವಳ ಪಾಲಿಗೆ ಬಂದಿರಲಿಲ್ಲ. ತಿರುಗಿ ಸುತ್ತುವುದೆಂದರೆ ಧೂಳು ಕೊಡವುವುದಕ್ಕೆ ಎಂದುಕೊಂಡಿದ್ದಳು. ಧೂಳೇನೂ ಕಾಣಲಿಲ್ಲ. ಸುರುಳಿಯ ಮೇಲಿನ ಪ್ಲಾಸ್ಟಿಕ್ ಹರಿದು ಹಾಗೆಯೇ ಸ್ಟ್ಯಾಂಡಿಗೆ ಏರಿಸಿದಳು. ಮೊದಲು ಅವಳು, ಆಮೇಲೆ ಕಣ್ಣಿನ ಪಟ್ಟಿ ಬಿಚ್ಚಿಕೊಂಡು ಬಂದು, ಸುರುಳಿ ತಿರುಗಿ ಸುತ್ತಿದ್ದಾಗಿದೆ ಎಂದೇ ನಂಬಿದ ಅತ್ತೆ, ಇಬ್ಬರೂ ಸೇರಿ ಕತ್ತರಿಸಿದರು. ಸುರುಳಿಯಿಂದ ಬಂದದ್ದು ಹನ್ನೆರಡು ತುಂಡು.

ಚಳಿಗಾಲ ಮುಗಿಯುವ ಹೊತ್ತಿಗೆ ಮೊದಲ ಗಡ್ಡದ ಕೌದಿ ಅಂಗಡಿಗೆ ಬಂತು. ಮರುವಾರ ಎರಡನೆಯದು. ಅತ್ತೆ ಉಳಿದಿದ್ದ ಅಂಚಿನ ಚೂರೊಂದನ್ನು ಕೆನ್ನೆಗೆ ಒತ್ತಿಕೊಂಡರು, ತಿರುಗಿಸಿ ಇನ್ನೊಂದು ಮುಖವನ್ನು ಒತ್ತಿಕೊಂಡರು. ಆಮೇಲೆ ಸೊಸೆಯ ಮುಖ ನೋಡಿದರು. ಅವಳು ಆಗಲೇ ಅಳುತ್ತಿದ್ದಳು.

ಎದುರಿಗಿದ್ದ ಗಿರಾಕಿಗೆ ಅತ್ತೆ ಹೇಳಿದ್ದು ಇಷ್ಟೇ: "ತಪ್ಪು ನನ್ನದು. ಈ ಕಣ್ಣನ್ನ ನಂಬಿ ಕೆಟ್ಟೆ. ಬಿಟ್ಟುಹೋಗಿ, ಸರಿಮಾಡಿ ಕೊಡ್ತೀನಿ."

ಸರಿಮಾಡುವುದೆಂದರೆ ಒಂದೊಂದು ಹೊಲಿಗೆಯನ್ನೂ ಬಿಚ್ಚಿ, ಹಾಸು ತಿರುವಿ, ಮತ್ತೆ ಹೊಲಿಯುವುದು. ಎಂಟು ತಿಂಗಳು ಇಬ್ಬರೂ ಅದನ್ನೇ ಮಾಡಿದರು. ಅತ್ತೆ ಮನೆಮನೆಗೆ ಹೋಗಿ, ಕೇಳದವರಿಂದಲೂ ಕೌದಿ ಕೇಳಿ ತಂದರು. ಎಲ್ಲ ಕಡೆಯೂ ಅದೇ ಮಾತು, ತಪ್ಪು ನನ್ನದು. ಏಳನೆಯದರ ಹೊತ್ತಿಗೆ ಅವರಿಗೆ ಕೂತರೆ ಏಳಲಾಗುತ್ತಿರಲಿಲ್ಲ, ಎದ್ದರೆ ಉಸಿರು ಹಿಡಿಯುತ್ತಿತ್ತು. ಆ ದಿನ ಸೊಸೆ ಬಿಚ್ಚುಗತ್ತರಿ ಕೆಳಗಿಟ್ಟು, ನಾನು ನಿಜ ಹೇಳಿಬಿಡ್ತೀನಿ ಎಂದಳು.

"ಹೇಳಿ ಏನು ಗಿಟ್ಟಿಸ್ತೀಯ? ನಾನು ಇವತ್ತೋ ನಾಳೆಯೋ ಹೊರಡೋಳು. ನನ್ನ ಹೆಸರಿಗೆ ಮಸಿ ಬಿದ್ರೆ ನನ್ನ ಜೊತೆ ಹೋಗುತ್ತೆ. ನಿನ್ನ ಹೆಸರಿಗೆ ಬಿದ್ರೆ ಈ ಅಂಗಡಿಗೆ ಯಾರು ಬರ್ತಾರೆ? ಜನ ಬರೋದು ಬಟ್ಟೆಗಲ್ಲ ಕಣೇ, ನಂಬಿಕೆಗೆ."

"ಆದ್ರೂ ಅತ್ತೆ."

"ಆದ್ರೂ ಗೀದ್ರೂ ಇಲ್ಲ. ಬಾಯಿ ಹೊಲಕೊಂಡು ಕೌದಿ ಬಿಚ್ಚು."

ಹನ್ನೊಂದು ಕೌದಿ ಸಿಕ್ಕಿದವು. ಹನ್ನೆರಡನೆಯದು ಯಾರದ್ದೆಂದು ಇಬ್ಬರಿಗೂ ನೆನಪಾಗಲಿಲ್ಲ. ಅದಕ್ಕಾಗಿ ಗಡಿಯಾರದಣ್ಣನನ್ನೂ ಕೇಳಿದ್ದರು. ತಮ್ಮದರಲ್ಲಿ ಹಳೆಯ ಹಾಸು ಇದೆ ಎಂದಿದ್ದರು ಅವರು. ಅತ್ತೆ ಖುದ್ದಾಗಿ ಹೋಗಿ ನೋಡಿ ಬಂದು, ಅದು ಕನ್ನಡಿಯ ಹಾಗಿದೆ, ಒಂದೂ ಎಳೆ ಇಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದರು.

*

ಹತ್ತೂವರೆಯಾಯಿತು. ವಾಹನ ಬರುವುದು ಹನ್ನೊಂದಕ್ಕೆ. ಯಾರಾದರೂ ನಾಲ್ಕು ಮಾತು ಆಡುವುದಿದ್ದರೆ ಆಡಬಹುದು ಎಂದು ನಾದಿನಿ ಹೇಳಿದಾಗ ಎಲ್ಲರೂ ಟೀಚರ್ ಕಡೆ ನೋಡಿದರು. ಅವರು ಎದ್ದು ಸೆರಗು ಸರಿಮಾಡಿಕೊಂಡು ಚೆನ್ನಾಗಿಯೇ ಮಾತಾಡಿದರು. ತಮ್ಮ ಶಾಲೆಯ ಎಷ್ಟು ಹುಡುಗಿಯರು ಈ ಮೇಜಿನ ಸುತ್ತ ನಿಂತು ಬಣ್ಣ ಜೋಡಿಸುವುದನ್ನು ಕಲಿತರು ಎಂದು ಹೇಳಿದರು. ಕತ್ತರಿಯಮ್ಮ ದುಬಾರಿ ಸೂಜಿ ಕೇಳಿದ ಮಗುವಿಗೆ ಸಾದಾ ಸೂಜಿ ಕೊಟ್ಟು, ಮೊದಲು ಇದನ್ನು ಮುರಿ, ಆಮೇಲೆ ಅದು ಎನ್ನುತ್ತಿದ್ದರು ಎಂದರು. ಕೊನೆಗೆ ಬಂದದ್ದು ಆ ಮಾತೇ.

"ಕಡೇ ವರ್ಷ ಕಣ್ಣು ಸೋತು ಒಂದು ತಪ್ಪಾಯ್ತು. ಅದನ್ನ ಯಾರೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ಅದನ್ನೂ ಒಪ್ಪಿಕೊಂಡು ಸರಿಮಾಡಿದ ಹೆಂಗಸು ಇವರು."

ಮನಸ್ಸಿನಲ್ಲಿ ಯಾರೂ ಇಟ್ಟುಕೊಂಡಿಲ್ಲ ಎನ್ನುತ್ತಿರುವಾಗಲೇ ಎಲ್ಲರ ಮನಸ್ಸಿಗೂ ಅದು ಬಂದದ್ದು ಮುಖಗಳಲ್ಲಿ ಕಾಣುತ್ತಿತ್ತು. ಸೊಸೆ ತಟ್ಟೆ ಹಿಡಿದುಕೊಂಡೇ ಒಂದು ಹೆಜ್ಜೆ ಮುಂದೆ ಬಂದಳು.  ಸುತ್ತ ನಿಂತವರಲ್ಲಿ ಅರ್ಧಕ್ಕರ್ಧ ಅವಳ ನಾಳಿನ ಗಿರಾಕಿಗಳು. ಅವರಲ್ಲಿ ಪ್ರತಿಯೊಬ್ಬರನ್ನೂ ಅವಳು ಅವರು ಒಯ್ದ ಬಟ್ಟೆಯಿಂದ ಗುರುತಿಸಬಲ್ಲಳು.

"ಒಂದು ಮಾತು ತಿದ್ದಬೇಕು ಟೀಚರ್," ಅಂದಳು. "ಅತ್ತೆಯ ಕಣ್ಣು ಸೋತಿರಲಿಲ್ಲ. ಆ ಸುರುಳಿ ತಲೆಕೆಳಗು ಹಾಕಿದ್ದು ನಾನು. ಅವರು ಆಗ ಮೇಲೆ ಮಲಗಿದ್ದರು."

 ನಾದಿನಿ ಅವಳ ಮೊಣಕೈ ಹಿಡಿದಳು. ಸೊಸೆ ಬಿಡಿಸಿಕೊಳ್ಳಲಿಲ್ಲ, ನಿಲ್ಲಿಸಲೂ ಇಲ್ಲ.

"ನಾನು ಹೇಳಬಾರದು ಅಂತ ಅತ್ತೆ ಮಾತು ತಗೊಂಡಿದ್ದರು. ಅಂಗಡಿ ನನ್ನ ಕೈಗೆ ಬರುತ್ತೆ, ನಿಮಗೆ ನನ್ನ ಮೇಲೆ ನಂಬಿಕೆ ಉಳೀಬೇಕು ಅಂತ. ಇಪ್ಪತ್ತಾರು ವರ್ಷದಲ್ಲಿ ಅವರ ಮಾತು ಮೀರಿಲ್ಲ. ಇವತ್ತು ಮೀರ್ತಿದೀನಿ, ಅವರ ಎದುರಿಗೇ. ಅವರ ಕೈ ಒಂದು ಸಲಾನೂ ತಪ್ಪಿಲ್ಲ. ಹನ್ನೊಂದು ಸರಿಮಾಡಿದ್ದಾಯ್ತು, ಹನ್ನೆರಡನೇ ಕೌದಿ ಎಲ್ಲೋ ಇದೆ. ಅದು ಯಾರ ಹತ್ರ ಇದ್ರೂ ತಂದುಕೊಡಿ. ಆಮೇಲೆ ನೀವು ಈ ಅಂಗಡಿಗೆ ಬರ್ತೀರೋ ಬಿಡ್ತೀರೋ, ಅದು ನಿಮಗೆ ಬಿಟ್ಟಿದ್ದು."

 ಗಂಡ ಬಂದು ಅವಳ ಕೈಯಿಂದ ತಟ್ಟೆಯನ್ನು ಇಸಿದುಕೊಂಡ.

ಟೀಚರ್ ಕೂತರು. ಕೈಚೀಲದ ಬಾಯಿ ತೆರೆದರು, ಮುಚ್ಚಿದರು. ಹಿಂದಿನ ಸಾಲಿನಲ್ಲಿ ಯಾರೋ, ಹಾಗಾದರೆ ಇಷ್ಟು ದಿನ ಆ ಮುದುಕಿಯನ್ನು ನಾವು ಸುಮ್ಮನೆ ಆಡಿಕೊಂಡೆವಲ್ಲ ಎಂದರು. ಅಷ್ಟರಲ್ಲಿ ಹೊರಗೆ ವಾಹನ ಬಂದು ನಿಂತ ಸದ್ದಾಯಿತು.

ಹೊರಡುವ ಗಡಿಬಿಡಿಯಲ್ಲಿ ನಾದಿನಿ ಒಮ್ಮೆ ಅವಳ ಹತ್ತಿರ ಬಂದಳು. ಕಣ್ಣು ಕೆಂಪಾಗಿತ್ತು, ದನಿ ಗಡುಸಾಗಿತ್ತು.

"ಅಮ್ಮ ನಿನಗೋಸ್ಕರ ಮುಚ್ಚಿಟ್ಟಿದ್ದು ಅತ್ತಿಗೆ. ಅದನ್ನ ಬೀದಿಗೆ ಹಾಕಿದೆಯಲ್ಲ."

"ಹೌದು," ಅಂದಳು ಸೊಸೆ. "ಹಾಕಲೇಬೇಕಿತ್ತು."

*

ಎಲ್ಲ ಮುಗಿಸಿ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಬೀದಿಯ ತಿರುವಿನಲ್ಲಿಯೇ ಜನ ಚದುರಿದರು. ಸಾಮಾನ್ಯವಾಗಿ ಅಂಗಡಿಯ ಮುಂದೆ ನಿಂತು ಎರಡು ಮಾತಾಡಿ ಹೋಗುವವರೂ ಇವತ್ತು ತಲೆ ತಗ್ಗಿಸಿ ಹೋದರು. ದುಃಖಕ್ಕೋ ಮುಜುಗರಕ್ಕೋ ತಿಳಿಯಲಿಲ್ಲ. ಟೀಚರ್ ರುದ್ರಭೂಮಿಯಿಂದಲೇ ಬಸ್ಸು ಹತ್ತಿದ್ದರು. ನಾದಿನಿ ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ಕುರ್ಚಿಗಳನ್ನು ಹಿಂದಿರುಗಿಸಲು ಹೋದ.

ಸೊಸೆ ಕೈಕಾಲು ತೊಳೆದು ಬಂದು ಅಂಗಡಿಯ ನೆಲ ಒರೆಸಿದಳು. ಮೇಜು ಖಾಲಿಯಾಗಿತ್ತು. ಅತ್ತೆಯ ಕತ್ತರಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ನಾಳೆ ಬಾಗಿಲು ತೆಗೆಯುವುದೇ, ತೆಗೆದರೆ ಯಾರು ಬರುತ್ತಾರೆ ಎಂಬ ಯೋಚನೆ ಬಂತು. ಯಾರೂ ಬರದಿದ್ದರೂ ಒಂಬತ್ತು ಗಂಟೆಗೆ ತೆಗೆಯುವುದು ಎಂದು ತೀರ್ಮಾನಿಸಿ ಅವಳು ಒರೆಸುವ ಬಟ್ಟೆ ಹಿಂಡಿದಳು.

ಬಾಗಿಲಲ್ಲಿ ಗಡಿಯಾರದಣ್ಣ ನಿಂತಿದ್ದರು. ಎದೆಗೆ ಅವುಚಿಕೊಂಡ ಕಡುನೀಲಿ ಗಂಟು. ಒಳಗೆ ಬಂದು ಅದನ್ನು ಮೇಜಿನ ಮೇಲಿಟ್ಟು, ಅಂಚು ಹಿಡಿದು ಬಿಚ್ಚಿದರು. ಮೇಲ್ಬಟ್ಟೆ ಜೋಡಿಸಲೇ ಅವರು ಎರಡು ವರ್ಷ ತೆಗೆದುಕೊಂಡಿದ್ದ ಕೌದಿ; ನೀಲಿಯ ಮೇಲೆ ಬೂದು ಬಣ್ಣದ ಸಣ್ಣ ತ್ರಿಕೋನಗಳು, ಸಾಲಾಗಿ ಹಾರುವ ಹಕ್ಕಿಗಳಂತೆ. ಸೊಸೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೇಲೆ ಒಂದೂ ಎಳೆ ಇರಲಿಲ್ಲ. ಆದರೆ ಬಟ್ಟೆಯ ಮೈತುಂಬ ಸೂಜಿಮೊನೆಯಷ್ಟು ಚುಕ್ಕೆಗಳು, ಎಳೆ ಕಿತ್ತ ಜಾಗಗಳು.

"ಚಿಮಟದಲ್ಲಿ ಕೀಳ್ತಿದ್ರಾ?" ಕೇಳಿದಳು.

"ದಿನಾ ಬೆಳಿಗ್ಗೆ. ಗಡಿಯಾರದ ಚಿಮಟ ಇದೆಯಲ್ಲ, ಚೆನ್ನಾಗಿ ಹಿಡಿಯುತ್ತೆ."

"ಕೀಳಬಾರದು ಅಣ್ಣ. ಒಂದು ಎಳೆದ್ರೆ ಅದರ ಹಿಂದೆ ಹತ್ತು ಬರುತ್ತೆ."

"ಅದು ನನಗೂ ಗೊತ್ತಾಯ್ತು," ಎಂದರು ಅವರು. "ಅಷ್ಟರಲ್ಲಿ ತಿಂಗಳಾಗಿತ್ತು."

ಅತ್ತೆ ನೋಡಲು ಬರುತ್ತಾರೆಂದು ತಿಳಿದ ದಿನ ಬೆಳಗಿನಿಂದ ಅಂಗಡಿ ಮುಚ್ಚಿ ಕೂತು ಒಂದೊಂದೇ ಎಳೆ ಕಿತ್ತು ಕನ್ನಡಿಯಂತೆ ಮಾಡಿಟ್ಟಿದ್ದರಂತೆ. ಕತ್ತರಿಯಮ್ಮನ ಕೈ ನಡುಗುವುದನ್ನು ಪಕ್ಕದ ಅಂಗಡಿಯಿಂದ ದಿನವೂ ನೋಡುತ್ತಿದ್ದರು. ಇದನ್ನೂ ಬಿಚ್ಚಲು ಕೊಟ್ಟರೆ ಆ ಹೆಂಗಸು ಇದರ ಮೇಲೆಯೇ ಉಸಿರು ಬಿಟ್ಟಾರು ಅನ್ನಿಸಿತ್ತು. ಅದಕ್ಕೇ ಹಳೆಯ ಹಾಸೆಂದು ಸುಳ್ಳು ಹೇಳಿದರು. ಅತ್ತೆಗೆ ಗೊತ್ತಾಗಲೇ ಇಲ್ಲವೇ ಎಂದು ಸೊಸೆ ಕೇಳಿದ್ದಕ್ಕೆ ಗಡಿಯಾರದಣ್ಣ ಕೌದಿಯ ಅಂಚನ್ನು ಬೆರಳಿನಿಂದ ಸವರಿದರು.

"ಕೆನ್ನೆಗೆ ಇಟ್ಕೊಂಡು ನೋಡಿದ್ರು. ಆಮೇಲೆ ನನ್ನ ಮುಖ ನೋಡಿದ್ರು. ಚೆನ್ನಾಗಿದೆ ಅಂದ್ರು. ಅವರಿಗೆ ಗೊತ್ತಾಗದೆ ಇರುತ್ತಾ?"

ಸೊಸೆ ಮೇಜಿಗೆ ಕೈಯೂರಿದಳು.

"ಅವರಿಗೆ ಕೊಡಬಾರದು ಅಂತಿದ್ದೆ," ಅವರು ಮುಂದುವರಿಸಿದರು. "ನಿನಗೆ ಕೊಡ್ತೀನಿ. ಎಷ್ಟು ದಿನ ಬೇಕಾದ್ರೂ ತಗೋ. ಒಂದೇ ಮಾತು, ಮತ್ತೆ ಹೊಲಿಯೋವಾಗ ನಿನ್ನ ಹೊಲಿಗೇನೇ ಹಾಕು. ನನ್ನದರ ಹಾಗೆ ಹಾಕೋಕೆ ಹೋಗಿ ಕಣ್ಣು ಕಳ್ಕೋಬೇಡ."

ಅವರು ಹೋದ ಮೇಲೆ ಅವಳು ಕಿಟಕಿಯ ಪಕ್ಕಕ್ಕೆ ಮೇಜನ್ನು ಎಳೆದುಕೊಂಡಳು. ಕೌದಿಯನ್ನು ಮಗುಚಿ ಹಾಸಿ, ಒಂದು ಮೂಲೆಯಿಂದ ಶುರುಮಾಡಿದಳು. ಹೊಲಿಗೆಗಳು ನಿಜಕ್ಕೂ ಕಣ್ಣಿಗೆ ಕಾಣುತ್ತಿರಲಿಲ್ಲ. ಒಂದನ್ನು ಎತ್ತಿ ಕತ್ತರಿಸಿ, ಮೂರು ಬಿಟ್ಟು ನಾಲ್ಕನೆಯದನ್ನು ಕತ್ತರಿಸಿ, ದಾರವನ್ನು ಮೆಲ್ಲಗೆ ಎಳೆಯಬೇಕು. ಬಟ್ಟೆ ಹರಿಯಬಾರದು. ಹತ್ತಿಯ ದಾರವೇ ಹಾಕಿದ್ದರು, ಪುಣ್ಯಾತ್ಮರು. ನೈಲಾನ್ ಆಗಿದ್ದರೆ ದಾರಕ್ಕಿಂತ ಮೊದಲು ಬಟ್ಟೆ ಕಿತ್ತು ಬರುತ್ತಿತ್ತು. ಗೇಣುದ್ದ ಬಿಚ್ಚಲು ಅರ್ಧ ಗಂಟೆ ಹಿಡಿಯಿತು.

ನಾಲ್ಕು ಗಂಟೆಯ ಹೊತ್ತಿಗೆ ಮೇಜಿನ ಮೇಲೆ ನೆರಳು ಬಿತ್ತು. ಟೀಚರ್. ಬಸ್ಸು ಇಳಿದು ಮನೆಗೂ ಹೋಗದೆ ತಿರುಗಿ ಬಂದಂತಿತ್ತು, ಕೈಚೀಲ ಅದೇ, ಸೀರೆ ಅದೇ. ಅವರು ಕೌದಿಯನ್ನು ನೋಡಿದರು, ಬಿಚ್ಚಿದ ದಾರದ ಗುಪ್ಪೆಯನ್ನು ನೋಡಿದರು.

"ಇದೇನಾ ಹನ್ನೆರಡನೇದು?"

ಸೊಸೆ ಹೌದೆಂದಳು. ಕೂರಿ ಎಂದು ಸ್ಟೂಲು ಸರಿಸಿದಳು. ಟೀಚರ್ ಕೂರಲಿಲ್ಲ.

"ಬಸ್ಸಲ್ಲಿ ನಿನ್ನ ಮೇಲೆ ಸಿಟ್ಟು ಬಂತು," ಎಂದರು. "ಅಷ್ಟು ಜನರ ಮುಂದೆ ನನ್ನನ್ನ ತಿದ್ದಿದೆಯಲ್ಲ ಅಂತ. ಮೂರು ಸ್ಟಾಪ್ ಆದ ಮೇಲೆ ಅನ್ನಿಸ್ತು, ತರಗತೀಲಿ ನಾನು ಮಕ್ಕಳಿಗೆ ಹೇಳ್ಕೊಡೋದೂ ಇದನ್ನೇ, ತಪ್ಪಾಗಿದ್ರೆ ಅಲ್ಲೇ ಬಿಚ್ಚಿ ಅಂತ."

ಸೊಸೆ ಮಡಿಲಿನ ದಾರ ಕೊಡವಿ ಎದ್ದು ನಿಂತಳು.

"ಸೋಮವಾರ ಮಕ್ಕಳಿಗೆ ಹತ್ತಿಹಾಸು ಬೇಕು, ಇಪ್ಪತ್ತು ತುಂಡು. ನೀನೇ ತಗೊಂಡು ಬಾ. ಯಾವ ಮುಖ ಮೇಲೆ, ಯಾವುದು ಕೆಳಗೆ, ತಲೆಕೆಳಗಾದ್ರೆ ಏನಾಗುತ್ತೆ, ಎಲ್ಲ ನೀನೇ ನಿಂತು ಹೇಳು. ನಿನ್ನಷ್ಟು ಚೆನ್ನಾಗಿ ಅದು ಈಗ ಬೇರೆ ಯಾರಿಗೂ ಗೊತ್ತಿಲ್ಲ."

"ಬರ್ತೀನಿ ಟೀಚರ್. ಒಂಬತ್ತಕ್ಕೆ ಇಲ್ಲಿ ಬಾಗಿಲು ತೆಗೆದು, ಹತ್ತಕ್ಕೆ ಅಲ್ಲಿಗೆ."

ಟೀಚರ್ ತಲೆಯಾಡಿಸಿ ಹೊರಟುಹೋದರು. ಸೊಸೆ ಮತ್ತೆ ಬಗ್ಗಿದಳು. ಕತ್ತು ಹಿಡಿದುಕೊಂಡಿತ್ತು, ಕಣ್ಣಿನ ಮುಂದೆ ಹಕ್ಕಿಗಳೆಲ್ಲ ಒಂದರ ಮೇಲೊಂದು ಹಾರುತ್ತಿದ್ದವು. ಈ ಸಾಲು ಮುಗಿಸಿಯೇ ಏಳುವುದು ಎಂದುಕೊಂಡಳು. ಸಾಲು ಮುಗಿದಾಗ ಇನ್ನೊಂದು ಎಂದುಕೊಂಡಳು.

ಕಿರಿದಾದ ಮೆಟ್ಟಿಲುಗಳ ಮೇಲೆ ಹೆಜ್ಜೆಯ ಸದ್ದಾಯಿತು. ನಾದಿನಿ ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದು ಬರುತ್ತಿದ್ದಳು, ಎರಡೂ ಕೈಯಲ್ಲಿ ಹಬೆಯಾಡುವ ಅನ್ನ ಸಾರಿನ ತಟ್ಟೆ. ಮುಖ ತೊಳೆದುಕೊಂಡಿದ್ದಳು. ಅವಳು ಮೇಜಿನ ಹತ್ತಿರ ಬಂದು, ಕೌದಿಯ ಮೇಲೆ ಒಂದು ಹನಿಯೂ ಬೀಳದಂತೆ ತಟ್ಟೆಯನ್ನು ಒಂದು ಕೈಯಲ್ಲಿ ದೂರ ಹಿಡಿದು, ಇನ್ನೊಂದು ಕೈಯಿಂದ ಅತ್ತಿಗೆಯ ಬೆರಳುಗಳ ನಡುವಿನ ಬಿಚ್ಚುಗತ್ತರಿಯನ್ನು ಬಿಡಿಸಿಕೊಂಡಳು. ಆಮೇಲೆ ಖಾಲಿಯಾದ ಆ ಕೈಗೆ ತಟ್ಟೆಯನ್ನು ಕೊಟ್ಟು, ಅದು ನಡುಗದೆ ನಿಲ್ಲುವವರೆಗೂ ತಾನೂ ಅಡಿಯಲ್ಲಿ ಹಿಡಿದುಕೊಂಡೇ ಇದ್ದಳು.